ಕಳಸದ ಗುಡ್ಡದ ಮನೆಗೆ ಬೈಕಿನಲ್ಲಿ

ಶುಕ್ರವಾರ

ದಸರಾ ರಜೆಯ ಕೊನೆಯ ವಾರ. ಮಗಳು ಹಾಸ್ಟೆಲ್ಲಿಗೆ ಮರಳಿದ್ದಳು, ನನ್ನ ಶಾಲೆ ತೆರೆಯುವುದು ಮಂಗಳವಾರ, ಇವರು ಕಚೇರಿಗೆ ರಜೆ ಬರೆದುಕೊಟ್ಟಿದ್ದರು. ಹೊರಟದ್ದು ಚಿಕ್ಕಮಗಳೂರು ಜಿಲ್ಲೆಯ ಕಳಸದ ಬಳಿಯ ಅಡಿಕೆ ತೋಟದ ಒಂದು ಮನೆಗೆ, ದುಡ್ಡು ಕೊಟ್ಟು ಮೂರು ರಾತ್ರಿ ಉಳಿಯಲು. ಬೆಂಗಳೂರಿನಿಂದ ಕಳಸಕ್ಕೆ ಸುಮಾರು 320 ಕಿಲೋಮೀಟರ್. ಕಾರಿನವರು ಏಳೆಂಟು ಗಂಟೆಯಲ್ಲಿ ಮುಗಿಸುವ ದಾರಿ ಅದು. ನಲವತ್ತು ದಾಟಿದ ಇಬ್ಬರು ಕೂತ ಬೈಕಿಗೆ ಇಡೀ ಹಗಲು ಬೇಕು. ಸೊಂಟ ಹೇಳಿದಲ್ಲೆಲ್ಲ ನಿಲ್ಲಿಸಬೇಕು, ನಿಲ್ಲಿಸಿದಲ್ಲೆಲ್ಲ ಕಾಫಿ ಕುಡಿಯಬೇಕು.

ಜಗಳ ಹಿಂದಿನ ರಾತ್ರಿಯೇ ಆಗಿಹೋಗಿತ್ತು. ಬೈಕಿನಲ್ಲಿ ಹೋಗುವವರ ಸಂಸಾರ ಎರಡು ಪಕ್ಕಚೀಲಕ್ಕೆ ಇಳಿಯಬೇಕು. ಇವರಿಗೆ ಕ್ಯಾಮೆರಾದ ಮುಕ್ಕಾಲಿ ಬೇಕು, ನನಗೆ ಸ್ವೆಟರ್ ಬೇಕು. ಮುಕ್ಕಾಲಿ ಮನೆಯಲ್ಲೇ ಉಳಿಯಿತು. ಭಾರದ ವಸ್ತು ಕೆಳಗೆ, ರೈನ್‌ಕೋಟು ಎಲ್ಲಕ್ಕಿಂತ ಮೇಲೆ, ಬಟ್ಟೆಯೆಲ್ಲ ಪ್ಲಾಸ್ಟಿಕ್ ಕವರಿನೊಳಗೆ. ಹಿಂದಿನ ಟೈರಿಗೆ ಇಬ್ಬರು ಕೂರುವ ಲೆಕ್ಕದಲ್ಲಿ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು ಮಲಗಿದೆವು. ಬೆಳಗಿನ ಐದಕ್ಕೆ ಹೊರಟಾಗ ಬೀದಿಯಲ್ಲಿ ಹಾಲಿನವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ಈ ಹೆದ್ದಾರಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ದ್ವಿಚಕ್ರಕ್ಕೆ ಟೋಲ್ ಇಲ್ಲ ಎನ್ನುವುದೊಂದು ಸಂತೋಷ, ಹಿಂದಿನಿಂದ ಬಂದು ಬೈಕನ್ನೇ ಅಲುಗಿಸಿ ದಾಟುವ ಬಸ್ಸುಗಳು ಒಂದು ಸಂಕಟ. ಅಲ್ಲಿಯವರೆಗೆ ಓಡಿಸುವವರು ಇವರು. ನೇರ ರಸ್ತೆ ನನಗೆ ನಿದ್ದೆ ತರಿಸುತ್ತದೆ, ತಿರುವಿನ ರಸ್ತೆ ಇವರಿಗೆ ಭಯ ತರಿಸುತ್ತದೆ. ಹಾಗಾಗಿ ಹಾಸನದಲ್ಲಿ ಸೀಟು ಬದಲಾಯಿಸುವುದು ನಮ್ಮ ಹಳೆಯ ಒಪ್ಪಂದ.

ಹೆಂಗಸು ಮುಂದೆ, ಗಂಡಸು ಹಿಂದೆ ಕೂತ ಬೈಕು ಹೋಟೆಲಿನ ಮುಂದೆ ನಿಂತರೆ ಎಲ್ಲರ ಕಣ್ಣೂ ಒಮ್ಮೆ ಹಾಯುತ್ತದೆ. ಬೇಲೂರಿನಲ್ಲಿ ಕಾಫಿಗೆ ನಿಂತಾಗ ಒಬ್ಬರು ಹಿರಿಯರು ಬಂದು ಬೈಕನ್ನು ಸುತ್ತಿ ನೋಡಿದರು. ಹೆಲ್ಮೆಟ್ ತೆಗೆಯುತ್ತಿದ್ದ ನನ್ನನ್ನು ದಾಟಿ ಇವರನ್ನು ಕೇಳಿದರು: "ಮೈಲೇಜ್ ಎಷ್ಟು ಕೊಡುತ್ತದೆ?" ಇವರು ನನ್ನ ಕಡೆ ಕೈ ತೋರಿಸಿ, "ಅವರನ್ನು ಕೇಳಿ, ನಾನು ಪ್ಯಾಸೆಂಜರ್" ಎಂದರು. ಹಿರಿಯರು ನನ್ನನ್ನು ಕೇಳಲಿಲ್ಲ, ನಕ್ಕು ಹೋದರು. ಚೆನ್ನಕೇಶವನ ಗೋಪುರ ಅಲ್ಲಿಂದಲೇ ಕಾಣುತ್ತಿತ್ತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಾಗಲೆಲ್ಲ ನಾನು ಶಿಲಾಬಾಲಿಕೆಯರಿಗಿಂತ ಮಕ್ಕಳ ತಲೆಗಳನ್ನೇ ಹೆಚ್ಚು ಎಣಿಸಿದ್ದೇನೆ. ಆದರೂ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವ ಗುಡಿ ಅದಲ್ಲ. ಬಿಟ್ಟು ಹೊರಟೆವು.

ಮೂಡಿಗೆರೆಯ ಹೊತ್ತಿಗೆ ರಸ್ತೆಯ ಎರಡೂ ಬದಿ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಗಾಳಿ ತಣ್ಣಗಾಗುವುದು ಬೈಕಿನವರಿಗೆ ಮೊದಲು ಮೊಣಕಾಲಿಗೆ ಗೊತ್ತಾಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಇದ್ದಾರೆಂದು ಕೇಳಿದ್ದೇನೆ, ನೋಡಿಲ್ಲ. ತೆಳ್ಳಗೆ, ಬೆಳ್ಳಗೆ, ನಾಲ್ಕಾಗಿ ಮಡಿಸಿ ತಟ್ಟೆಗೆ ಬೀಳುತ್ತಲೇ ಇರುವ ದೋಸೆ, ಪಕ್ಕದಲ್ಲಿ ಕಾಯಿ ಚಟ್ನಿ. ಸಾಕು ಎನ್ನಲು ಕೈ ಅಡ್ಡ ಹಿಡಿಯಬೇಕು. ಇಲ್ಲಿಂದ ನೇರ ಹೋದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ನಾವು ಬಲಕ್ಕೆ, ಕಳಸದ ಕಡೆ ತಿರುಗಿದೆವು.

ಈ ಸೀಮೆಯ ಭೂಗೋಳ ಪಾಠದ ಪುಸ್ತಕದಲ್ಲಿ ಎಷ್ಟು ಹೇಳಿಕೊಟ್ಟರೂ ಮಕ್ಕಳಿಗೆ ಹತ್ತುವುದಿಲ್ಲ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟಿಗೆ ಹೋಗಿ ಕಾವೇರಿಯಾಗುತ್ತದೆ. ಅದೇ ಬೆಟ್ಟಸಾಲಿನ ಆಚೆ ಕುದುರೆಮುಖದ ಗಂಗಾಮೂಲದಿಂದ ಬರುವ ಭದ್ರೆ, ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೊನೆಗೆ ಕೃಷ್ಣೆಯಾಗುತ್ತದೆ. ಬೈಕಿನಲ್ಲಿ ಒಂದು ಮಧ್ಯಾಹ್ನದ ದಾರಿ, ಅಷ್ಟರಲ್ಲಿ ಎರಡು ದೊಡ್ಡ ನದಿಗಳ ನೀರು ಬೇರೆಯಾಗಿರುತ್ತದೆ. ಇವರಿಗೆ ಹೆಲ್ಮೆಟ್ಟಿನೊಳಗಿಂದಲೇ ಇದನ್ನು ಕೂಗಿ ಹೇಳಿದೆ. "ರಸ್ತೆ ನೋಡು" ಎಂದು ಉತ್ತರ ಬಂತು.

ಕಳಸ ತಲುಪಿದಾಗ ಸಂಜೆ ನಾಲ್ಕು ದಾಟಿತ್ತು. ಹಿಂದೆ ಮೂಡಿಗೆರೆ ತಾಲ್ಲೂಕಿನ ಒಂದು ಊರಾಗಿದ್ದ ಕಳಸ ಈಗ ತಾನೇ ತಾಲ್ಲೂಕು ಕೇಂದ್ರ. ಅಲ್ಲಿಂದ ಹೊರನಾಡಿನ ದಿಕ್ಕಿಗೆ ಸ್ವಲ್ಪ ಹೋಗಿ, ಡಾಂಬರು ಬಿಟ್ಟು ಗುಡ್ಡ ಹತ್ತಬೇಕು. ತಿರುವಿನಲ್ಲಿ ನಾವು ಉಳಿಯಲಿದ್ದ ಮನೆಯ ಯಜಮಾನರ ಮಗ ಜೀಪು ತಂದು ಕಾಯುತ್ತಿದ್ದರು. "ಬೈಕು ಇಲ್ಲೇ ಅಂಗಡಿಯ ಹಿಂದೆ ನಿಲ್ಲಿಸಿ, ಎಲ್ಲರೂ ಹಾಗೇ ಮಾಡುತ್ತಾರೆ" ಎಂದರು. ನಾನು ದಾರಿ ಹೇಗಿದೆ ಎಂದು ಕೇಳಿದೆ. ಕಡಿದಾದಲ್ಲಿ ಮಾತ್ರ ಎರಡು ಪಟ್ಟಿ ಕಾಂಕ್ರೀಟ್, ಉಳಿದದ್ದು ಕೆಮ್ಮಣ್ಣು ಮತ್ತು ಕಲ್ಲು, ಮೇಲೆ ಒಂದು ಹಳ್ಳ. ಇವರು ನನ್ನ ಮುಖ ನೋಡಿದರು, ಮಾತಾಡದೆ ಎರಡೂ ಚೀಲ ಬಿಚ್ಚಿ ಜೀಪಿಗೆ ಹಾಕಿ ತಾವೂ ಹತ್ತಿ ಕೂತರು.

ಒಬ್ಬಳೇ ಹತ್ತಿದೆ. ಇಂಥ ದಾರಿಯಲ್ಲಿ ವೇಗವೂ ಬೇಡ, ನಿಲ್ಲುವುದೂ ಬೇಡ. ಮೊದಲ ಗೇರಿನಲ್ಲೇ, ಒಂದೇ ಸಮನೆ, ಕಣ್ಣು ಮುಂದಿನ ಕಲ್ಲಿನ ಮೇಲಲ್ಲ, ಅದರಾಚೆಯ ಜಾಗದ ಮೇಲೆ. ಕಾಂಕ್ರೀಟ್ ಪಟ್ಟಿಯ ಮಧ್ಯೆ ಹುಲ್ಲು, ಪಟ್ಟಿಯ ಮೇಲೆ ಪಾಚಿ. ಮಣ್ಣಿಗಿಂತ ಪಾಚಿಗೇ ಹೆಚ್ಚು ಹೆದರಬೇಕು. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು. ಅಂಗಳಕ್ಕೆ ಬಂದು ನಿಂತಾಗ ತೋಳು ನಡುಗುತ್ತಿತ್ತು. ಜೀಪು ನನ್ನ ಹಿಂದೆಯೇ ಬಂತು. ಇಳಿದ ಇವರ ಮುಖ ನನಗಿಂತ ಬಿಳುಚಿತ್ತು. "ಬೈಕೇ ವಾಸಿ ಇತ್ತೇನೋ" ಎಂದರು. ಜೀಪಿನ ಹಿಂದಿನ ಸೀಟಿನಲ್ಲಿ ಅಂಥ ದಾರಿ ಹತ್ತಿದವರು ಆ ಮಾತನ್ನು ನಂಬುತ್ತಾರೆ.

ಶನಿವಾರ

ಮನೆ ಗುಡ್ಡದ ಇಳಿಜಾರಿನಲ್ಲಿದೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹೆಂಚಿನ ಮಾಡು, ಉದ್ದ ಜಗಲಿ, ಸಗಣಿ ಸಾರಿಸಿದ ಅಂಗಳ. ಅತಿಥಿಗಳಿಗೆಂದು ಬೇರೆ ಕಟ್ಟಡವಿಲ್ಲ. ಹಿಂದೆ ಅಡಿಕೆ ತುಂಬಿಡುತ್ತಿದ್ದ ಎರಡು ಕೋಣೆಗಳಿಗೆ ಸುಣ್ಣ ಹೊಡೆದು ಮಂಚ ಹಾಕಿದ್ದಾರೆ. ಗೋಡೆಯಲ್ಲಿ ಇನ್ನೂ ಒಣ ಅಡಿಕೆಯ ವಾಸನೆ ಇದೆ. ಸ್ನಾನಕ್ಕೆ ಬಚ್ಚಲೊಲೆಯ ಹಂಡೆಯ ನೀರು, ಮೈಗೆಲ್ಲ ಹೊಗೆಯ ಘಮ. ಮೊಬೈಲ್ ಸಿಗ್ನಲ್ ಕೊಟ್ಟಿಗೆಯ ಪಕ್ಕದ ಹಲಸಿನ ಮರದ ಕೆಳಗೆ ಮಾತ್ರ, ಅದೂ ಮರಕ್ಕೆ ಒರಗಿ ನಿಂತರೆ. ಮಗಳಿಗೆ ಫೋನು ಮಾಡಲು ಹೋದಾಗಲೆಲ್ಲ ಮನೆಯ ನಾಯಿ ಜೊತೆಗೆ ಬಂದು ಕಾದು ನಿಲ್ಲುತ್ತಿತ್ತು.

ಬೆಳಿಗ್ಗೆ ಎದ್ದಾಗ ಕೋಣೆಯ ದೀಪ ಉರಿಯುತ್ತಲೇ ಇತ್ತು. ಇವರು ನಗರದ ಅಭ್ಯಾಸದಂತೆ ಆರಿಸಿದರು. ಜಗಲಿಯಿಂದ ಯಜಮಾನರ ದನಿ ಕೇಳಿತು: "ಅದು ಉರಿಯಲಿ ಬಿಡಿ." ಇವರು ಮತ್ತೆ ಹಾಕಿ, ಸಂಗತಿ ಏನೆಂದು ತಿಳಿಯಲು ಹೊರಗೆ ಹೋದವರು ಒಂದು ಗಂಟೆ ಬರಲಿಲ್ಲ.

ಮನೆಯ ಮೇಲಿನ ಹಳ್ಳಕ್ಕೆ ಕಟ್ಟ ಹಾಕಿ, ಅಲ್ಲಿಂದ ಪೈಪಿನಲ್ಲಿ ನೀರು ಇಳಿಸಿ, ತೋಟದ ತಲೆಯಲ್ಲಿ ಒಂದು ಪುಟ್ಟ ಟರ್ಬೈನ್ ತಿರುಗಿಸಿದ್ದಾರೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಇಂಥವು ಹಲವಿವೆ. ಒಂದು ಕಿಲೋವ್ಯಾಟ್ ಆಸುಪಾಸಿನ ವಿದ್ಯುತ್ತು, ದೀಪಗಳಿಗೆ, ಟಿವಿಗೆ, ಮಿಕ್ಸಿಗೆ ಸಾಕು. ಹಗಲಿರುಳು ನೀರು ಬೀಳುತ್ತಲೇ ಇರುವುದರಿಂದ ವಿದ್ಯುತ್ತೂ ಹುಟ್ಟುತ್ತಲೇ ಇರುತ್ತದೆ. ಅದನ್ನು ಯಾರಾದರೂ ತಿನ್ನುತ್ತಿರಬೇಕು, ಇಲ್ಲದಿದ್ದರೆ ಚಕ್ರ ಮಿತಿಮೀರಿ ತಿರುಗಿ ಯಂತ್ರಕ್ಕೇ ಕೇಡು. ಅದಕ್ಕೇ ಹಗಲು ಹೊತ್ತಿನಲ್ಲೂ ದೀಪ. ಬೇಸಗೆಯಲ್ಲಿ ಹಳ್ಳ ಸೊರಗಿದಾಗ ಚಕ್ರ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಸರ್ಕಾರದ ಲೈನು ವಾರಗಟ್ಟಲೆ ಹೋಗುವಾಗ ಈ ಮನೆಯಲ್ಲಿ ಮಾತ್ರ ಬೆಳಕು. ಟರ್ಬೈನ್ ತಿರುಗಿಸಿದ ನೀರು ತೋಟದ ಕಪ್ಪು ಎನ್ನುವ ಬಸಿಗಾಲುವೆಗಳಲ್ಲಿ ಹರಿದು ಭದ್ರೆಗೆ ಸೇರುತ್ತದೆ. ಇವರು ವೃತ್ತಿಯಲ್ಲಿ ಲೆಕ್ಕಪತ್ರದವರು. ಆದರೂ ಆ ಹೊತ್ತಿಗೆ ಪೈಪಿನ ವ್ಯಾಸ, ನೀರು ಬೀಳುವ ಎತ್ತರ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

ತಿಂಡಿಗೆ ಕಡುಬು, ಕಾಯಿ ಚಟ್ನಿ, ಮೇಲೆ ತುಪ್ಪ. ಬಡಿಸುತ್ತಿದ್ದ ಅಮ್ಮನಿಗೆ ಎಪ್ಪತ್ತರ ಹತ್ತಿರ. ನಾನು ತಟ್ಟೆ ತೊಳೆಯಲು ಹೋದರೆ ಕೈಯಿಂದ ಕಿತ್ತುಕೊಂಡರು. "ದುಡ್ಡು ಕೊಟ್ಟು ಬಂದು ಪಾತ್ರೆ ತೊಳೆಯುವುದುಂಟೇ?" ಸೊಸೆ ನಕ್ಕು, "ನೀವು ಸುಮ್ಮನೆ ಕೂರಬೇಕು ಅಕ್ಕ, ಅದೇ ನಿಮ್ಮ ಕೆಲಸ" ಎಂದಳು. ಸುಮ್ಮನೆ ಕೂರುವುದಕ್ಕೆಂದೇ ಬಂದಿದ್ದೆವು ನಿಜ. ಆದರೆ ಸುತ್ತ ಮನೆಮಂದಿಯೆಲ್ಲ ಓಡಾಡುತ್ತಿರುವಾಗ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ನೀಡುವುದಕ್ಕೆ ವಿಶೇಷ ಸಾಮರ್ಥ್ಯ ಬೇಕು. ನನಗೆ ಅದು ಒಂದು ತಾಸಿಗಿಂತ ಹೆಚ್ಚು ಒಗ್ಗಲಿಲ್ಲ.

ತೋಟಕ್ಕೆ ಇಳಿದೆವು. ರಕ್ತ ಹೀರುವ ಉಂಬಳದ (ಜಿಗಣೆಯ) ಕಾಲ ಪೂರ್ತಿ ಮುಗಿದಿರಲಿಲ್ಲ. ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಹಚ್ಚಿಕೊಟ್ಟರು, ಆದರೂ ಇವರ ಹಿಮ್ಮಡಿಯಿಂದ ರಕ್ತ ಬಂದಿತ್ತು. ಯಜಮಾನರು ಒಂದು ಅಡಿಕೆ ಮರದ ಕೆಳಗೆ ನಿಂತು ಮೇಲೆ ನೋಡಿ ಎಂದರು. ಕೆಳಗಿನ ಸೋಗೆಗಳ ತುಂಬ ಕಂದು ಚುಕ್ಕಿ, ಚುಕ್ಕಿಗಳು ಕೂಡಿ ಎಲೆಯೇ ಸುಟ್ಟಂತೆ ಒಣಗಿತ್ತು. ಎಲೆಚುಕ್ಕಿ ರೋಗ. ಕೊಳೆರೋಗವನ್ನು ಈ ಮನೆಯವರು ಅಜ್ಜನ ಕಾಲದಿಂದ ಬಲ್ಲರು. ಅದಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಇದೆ. ನೂರು ಲೀಟರ್ ನೀರಿಗೆ ಕಿಲೋ ತುತ್ತು, ಕಿಲೋ ಸುಣ್ಣ ಎಂಬ ಲೆಕ್ಕ ಮನೆಯ ಮಕ್ಕಳಿಗೂ ಗೊತ್ತು. ಎಲೆಚುಕ್ಕಿ ಅಷ್ಟಕ್ಕೆ ಬಗ್ಗುವುದಿಲ್ಲ. ಕೆಲವು ವರ್ಷಗಳಿಂದ ಕಳಸ, ಸಂಸೆ, ಹೊರನಾಡಿನ ತೋಟಗಳಲ್ಲೆಲ್ಲ ಹಬ್ಬಿರುವ ಶಿಲೀಂಧ್ರ ಇದು. ಗಾಳಿಯಲ್ಲಿ ಹಾರುತ್ತದೆ, ಮಳೆಯ ಹನಿಯಲ್ಲಿ ಚಿಮ್ಮುತ್ತದೆ. ಒಬ್ಬರು ಔಷಧಿ ಹೊಡೆದು ಪಕ್ಕದ ತೋಟದವರು ಬಿಟ್ಟರೆ ಮುಗಿಯಿತು. ಎಲೆ ಸತ್ತರೆ ಮರ ಸೊರಗುತ್ತದೆ, ಫಸಲು ಇಳಿಯುತ್ತದೆ. ಹೊಸ ಸಸಿ ನೆಟ್ಟರೆ ಗೊನೆ ನೋಡಲು ಐದಾರು ವರ್ಷ.

"ಕೋಣೆಗೆ ಸುಣ್ಣ ಹೊಡೆದದ್ದು ಅದಕ್ಕೇ" ಎಂದರು ಯಜಮಾನರು. ದನಿಯಲ್ಲಿ ದೂರು ಇರಲಿಲ್ಲ. ತೋಟದ ಬದಿಯಲ್ಲಿ ಹೊಸದಾಗಿ ಹಾಕಿದ ಜಾಯಿಕಾಯಿ ಗಿಡ ತೋರಿಸಿದ ದನಿಯೂ ಅದೇ. "ಅಡಿಕೆಯ ಜೊತೆ ಮೆಣಸು ಹಾಕಿದೆವು, ಕಾಫಿ ಹಾಕಿದೆವು, ಈಗ ನಿಮ್ಮನ್ನು ಹಾಕಿದ್ದೇವೆ." ಇವರು ಜೋರಾಗಿ ನಕ್ಕರು. ಅಂತರಬೆಳೆಯಾಗಿ ನನಗೆ ನಗು ಸ್ವಲ್ಪ ತಡವಾಗಿ ಬಂತು.

ಊಟಕ್ಕೆ ಒಂದೆಲಗದ ತಂಬುಳಿ, ಪತ್ರೊಡೆ, ಬಾಳೆಕಾಯಿ ಪಲ್ಯ, ಅಪ್ಪೆಮಿಡಿ. ತಂಬುಳಿಯನ್ನು ಅನ್ನಕ್ಕೆ ಕಲಸಿ ತಿಂದದ್ದಲ್ಲದೆ ಲೋಟದಲ್ಲಿ ಹಾಕಿಸಿಕೊಂಡು ಕುಡಿದೆ. ಆಮೇಲೆ ಕಣ್ಣು ಎಳೆಯುತ್ತಿರುವಾಗ ದೂರದ ಮೇರುತಿ ಗುಡ್ಡ ಮಾಯವಾಯಿತು. ಮೊದಲು ತುದಿ, ಆಮೇಲೆ ಸೊಂಟ, ಆಮೇಲೆ ಪೂರ್ತಿ. ಅಂಗಳದಲ್ಲಿ ಆ ವರ್ಷದ ಮೊದಲ ಕೊಯ್ಲಿನ ಅಡಿಕೆ ಬೇಯಿಸಿ ಹರವಿದ್ದರು. ಅಮ್ಮ ಅಡುಗೆಮನೆಯಿಂದ "ಮಳೆ!" ಎಂದು ಕೂಗಿದ್ದೇ ತಡ, ಮನೆಯವರೆಲ್ಲ ಅಂಗಳಕ್ಕೆ ಹಾರಿದರು. ಬೇಯಿಸಿದ ಅಡಿಕೆ ನೆನೆದರೆ ಬೂಷ್ಟು ಹಿಡಿದು ದರವೇ ಹೋಗುತ್ತದೆ ಎಂದು ಬೆಳಿಗ್ಗೆಯಷ್ಟೇ ಕೇಳಿದ್ದೆವು. ನಾನು ಟಾರ್ಪಾಲಿನ ಒಂದು ಮೂಲೆ ಹಿಡಿದೆ, ಇವರು ಬುಟ್ಟಿ ಹಿಡಿದರು, ಸೊಸೆ ಪೊರಕೆಯಲ್ಲಿ ಗುಡ್ಡೆ ಮಾಡಿದಳು. ಯಾರೂ ಈ ಸಲ ಸುಮ್ಮನೆ ಕೂರಿ ಎನ್ನಲಿಲ್ಲ. ಕೊನೆಯ ಬುಟ್ಟಿ ಜಗಲಿಗೆ ಏರುವಷ್ಟರಲ್ಲಿ ಮಳೆ ಬಿತ್ತು, ಗುಡುಗು ಸಿಡಿಲಿನ ಸಮೇತ, ಅಂಗಳದ ಮಣ್ಣೆಲ್ಲ ಎದ್ದುಬರುವಂತೆ.

ಆಮೇಲೆ ಎಲ್ಲವೂ ಸಲೀಸಾಯಿತು. ಕಾಫಿಯನ್ನು ಜಗಲಿಗೆ ತಂದುಕೊಡುತ್ತಿದ್ದವರು ಒಳಗೆ ಒಲೆಯ ಹತ್ತಿರಕ್ಕೇ ಕರೆದರು. ಬಟ್ಟೆ ಒಣಗಿಸಲು ಒಲೆಯ ಮೇಲಿನ ಅಟ್ಟದಲ್ಲಿ ನಮ್ಮ ಕಾಲುಚೀಲಗಳೂ ಅಡಿಕೆಯ ಪಕ್ಕದಲ್ಲಿ ಕೂತವು.

ಭಾನುವಾರ

ಚೀಲಗಳಿಲ್ಲದ ಬೈಕು ಬೇರೆಯೇ ಬೈಕು. ಕಳಸದಿಂದ ಸಂಸೆಯ ಮೇಲೆ ಕುದುರೆಮುಖದ ದಾರಿ ಹಿಡಿದೆವು. ಚಹಾ ತೋಟ ಮುಗಿಯುತ್ತಲೇ ಹುಲ್ಲುಗುಡ್ಡಗಳು ಏಳುತ್ತವೆ, ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ದಟ್ಟ ಶೋಲಾ ಕಾಡು. ಬೋಳು ಹುಲ್ಲು ಮಳೆಯನ್ನು ಹೀರಿ ಶೋಲಾಕ್ಕೆ ಕೊಡುತ್ತದೆ, ಶೋಲಾ ಅದನ್ನು ಹಳ್ಳವಾಗಿ ವರ್ಷವಿಡೀ ಬಿಡುತ್ತದೆ. ಮನೆಯ ಟರ್ಬೈನ್ ತಿರುಗಿಸುವ ನೀರಿನ ಹಿಂದೆಯೂ ಇಂಥದ್ದೇ ಒಂದು ಮಡಿಕೆ ಇರಬೇಕು.

ಕುದುರೆಮುಖದ ಊರು ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ್ದು. 1976ರಲ್ಲಿ ಕಂಪನಿ ಹುಟ್ಟಿತು, ಅದಿರು ಇರಾನಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಒಪ್ಪಂದವೇ ಮುರಿಯಿತು. ಆದರೂ ಗಣಿ ನಡೆಯಿತು, ಪುಡಿ ಮಾಡಿದ ಅದಿರು ನೀರಿನೊಡನೆ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಈಗ ಸಾಲು ಸಾಲು ಕ್ವಾರ್ಟರ್ಸ್‌ಗಳ ಬಾಗಿಲು ಮುಚ್ಚಿದೆ. ಭದ್ರೆಯ ತಲೆಯ ಮೇಲೆ ಗಣಿ ನಿಂತದ್ದು ಒಳ್ಳೆಯದಾಯಿತೆಂದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಊರಿನಲ್ಲಿ ಹುಟ್ಟಿ ಶಾಲೆ ಕಲಿತವರ ಮುಂದೆ ಇದನ್ನು ಹೇಳುವಾಗ ದನಿ ತಗ್ಗಿಸುತ್ತೇನೆ. ಇವರಿಗೆ ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ಹತ್ತುವ ಆಸೆ ಇತ್ತು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ರಜೆಯ ವಾರದಲ್ಲಿ ಅದು ಸಿಗುವ ಮಾತಲ್ಲ.

ಹಿಂದಿರುಗುವಾಗ ಕಳಸದ ಅಂಬುತೀರ್ಥಕ್ಕೆ ಹೋದೆವು. ಭದ್ರೆ ಇಲ್ಲಿ ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳುತ್ತದೆ. ದಡದಲ್ಲಿ ಒಂದು ಭಾರಿ ಕಲ್ಲು, ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿಟ್ಟರೆಂದು ಅದರ ಮೇಲೇ ಬರೆದಿದೆ. ಇವರು ಕಲ್ಲನ್ನೂ ತಮ್ಮ ಕೈಯನ್ನೂ ಒಮ್ಮೆ ನೋಡಿಕೊಂಡರು. ನೀರಿಗೆ ಇಳಿಯುವವರನ್ನು ಯಾರೂ ತಡೆಯುತ್ತಿರಲಿಲ್ಲ, ಆದರೆ ಆ ಸೆಳೆತ ನೋಡಿದ ಮೇಲೆ ತಡೆಯುವವರು ಬೇಕಾಗಿಯೂ ಇರಲಿಲ್ಲ.

ರಾತ್ರಿ ಜಗಲಿಯಲ್ಲಿ ಸುಲಿಯುವ ಕೆಲಸ. ಆ ದಿನ ಇಳಿಸಿದ ಹಸಿ ಅಡಿಕೆ ಹೆಚ್ಚು ಹೊತ್ತು ಕಾಯುವುದಿಲ್ಲ. ನೆರೆಯ ಮನೆಗಳಿಂದ ನಾಲ್ಕೈದು ಹೆಂಗಸರು ಬಂದು, ಮಣೆಯ ಮೇಲೆ ಕೂತು, ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಅದುಮಿ ಹಿಡಿದರು. ಕಾಯನ್ನು ಅಲಗಿಗೆ ಒತ್ತಿ ಎರಡು ಸಲ ತಿರುಗಿಸಿದರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಕಣ್ಣು ಕೈಯ ಮೇಲಿಲ್ಲ, ಮಾತಿನ ಮೇಲೆ. ಯಂತ್ರವೂ ಬಂದಿದೆ, ಆದರೆ ಈ ಮನೆಯವರಿಗೆ ಅದು ಅಡಿಕೆಯನ್ನು ಒಡೆಯುತ್ತದೆ ಎಂಬ ಗುಮಾನಿ. ನನಗೂ ಒಂದು ಮೆಟ್ಟುಗತ್ತಿ ಸಿಕ್ಕಿತು. ಅವರು ಬುಟ್ಟಿ ತುಂಬುವಷ್ಟರಲ್ಲಿ ನನ್ನದು ಒಂದು ಹಿಡಿ. ಪಕ್ಕದವಳು ಅದನ್ನು ನೋಡಿ, "ಇಷ್ಟಕ್ಕೆ ನಿಮಗೆ ಕೂಲಿ ಕೊಡಬೇಕೋ, ನಿಮ್ಮಿಂದಲೇ ತೆಗೆದುಕೊಳ್ಳಬೇಕೋ?" ಎಂದಳು.

ಇವರು ಗಂಡಸರೊಡನೆ ಒಲೆಯ ಹತ್ತಿರ ಅಡಿಕೆ ಬೇಯುವುದನ್ನು ಕಾಯುತ್ತಿದ್ದರು. ಚೊಗರು, ಎಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ, ಹಾಕಿದ ಕೆಂಪು ನೀರಿನಲ್ಲಿ ಅಡಿಕೆ ಕುದಿಯುತ್ತದೆ. ಬಣ್ಣ ಕುಳಿತದ್ದನ್ನು ನೋಡಿ ಇಳಿಸಬೇಕು. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಣೆ ಆಮೇಲೆ. ಹನ್ನೊಂದಕ್ಕೆ ಕೋಣೆಗೆ ಬಂದವರ ಮೈಯೆಲ್ಲ ಹೊಗೆ. ಬೆಂಗಳೂರಿನಲ್ಲಿ ನಾವಿಬ್ಬರೂ ರಾತ್ರಿ ಮಾತಾಡುವುದು ನಾಳೆಯ ಹಾಲು, ಇಸ್ತ್ರಿ ಬಟ್ಟೆ, ಮಗಳ ಫೀಸು. ಆ ರಾತ್ರಿ ಇವರು ಗೊರಬಲಿಗೆ ಯಾಕೆ ದರ ಕಡಿಮೆ ಎಂದು ಬಹಳ ಹೊತ್ತು ವಿವರಿಸಿದರು. ನಾನು ಅಡ್ಡ ಪ್ರಶ್ನೆ ಕೇಳಿದೆ, ಇವರಿಗೆ ಉತ್ತರ ಗೊತ್ತಿರಲಿಲ್ಲ, ಎದ್ದು ಹೋಗಿ ಯಜಮಾನರನ್ನೇ ಕೇಳಿಕೊಂಡು ಬಂದರು.

ಸೋಮವಾರ

ಲೆಕ್ಕ ಬರೆದದ್ದು ಅಡಿಕೆ ಲೆಕ್ಕದ ಉದ್ದ ಪುಸ್ತಕದಲ್ಲೇ. ಒಂದು ಹಾಳೆಯಲ್ಲಿ ತೂಕ ಮತ್ತು ಕೂಲಿ, ಎದುರಿನ ಹಾಳೆಯಲ್ಲಿ ನಮ್ಮ ಊಟ ಮತ್ತು ಕೋಣೆ. ಯಜಮಾನರು ಒಟ್ಟು ಮೊತ್ತದಲ್ಲಿ ಸ್ವಲ್ಪ ಇಳಿಸಿ ಬರೆದು, ಪಕ್ಕದಲ್ಲಿ "ಮಳೆ ದಿನದ ಕೆಲಸ" ಎಂದು ಕಾರಣ ನಮೂದಿಸಿದ್ದರು. ಇವರು ಲೆಕ್ಕಪತ್ರದವರು, ನಿಜ ಮೊತ್ತವನ್ನೇ ಕೊಟ್ಟರು. ಅಮ್ಮ ಹಲಸಿನ ಹಪ್ಪಳದ ಕಟ್ಟು ತಂದಾಗ ಚೀಲದಲ್ಲಿ ಜಾಗವೇ ಇರಲಿಲ್ಲ. ನನ್ನ ಸ್ವೆಟರ್ ತೊಟ್ಟುಕೊಂಡು ಹಪ್ಪಳಕ್ಕೆ ಜಾಗ ಮಾಡಿದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮೊದಲ ಗೇರು, ಕ್ಲಚ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಬಿಡಬೇಕು. ಪಾಚಿಯ ಮೇಲೆ ಮುಂದಿನ ಬ್ರೇಕನ್ನು ಹಿಡಿದವರು ಬೀಳುತ್ತಾರೆ. ಇವರು ಈ ಸಲ ಜೀಪು ಬೇಡವೆಂದು ಹೆಲ್ಮೆಟ್ ಹಾಕಿಕೊಂಡೇ ಹಿಂದೆ ನಡೆದು ಬಂದರು, ಹಳ್ಳದ ಬಳಿ ಬೈಕಿನ ಹಿಂಬದಿ ಹಿಡಿದರು. ಡಾಂಬರು ಸಿಕ್ಕಿದ ಮೇಲೆ ಬಾಳೆಹೊನ್ನೂರು, ಆಲ್ದೂರು, ಚಿಕ್ಕಮಗಳೂರು. ಬಾಳೆಹೊನ್ನೂರಿನವರೆಗೆ ಭದ್ರೆ ಆಗಾಗ ಕಾಣಿಸಿಕೊಳ್ಳುತ್ತಿತ್ತು. ಚಿಕ್ಕಮಗಳೂರಿನಲ್ಲಿ ಊಟ ಮಾಡಿ ಸೀಟು ಬದಲಾಯಿಸಿದೆವು. ಹಾಸನದ ಆಚೆ ನಾನು ನಿದ್ದೆ ಹೋಗಿ ಇವರ ಬೆನ್ನಿಗೆ ಹೆಲ್ಮೆಟ್ ಕುಟ್ಟಿದೆನಂತೆ, ನನಗೆ ನೆನಪಿಲ್ಲ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಆ ಗುಡ್ಡದ ದಾರಿಗೆ ಬೈಕು ತರಲೇಬೇಡಿ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿದ ಸುದ್ದಿಯನ್ನು ಮಳೆಗಾಲದಲ್ಲಿ ನೀವೂ ಓದಿರುತ್ತೀರಿ. ನಗದು ಇಟ್ಟುಕೊಳ್ಳಿ, ಹಲಸಿನ ಮರದ ಕೆಳಗೆ ನಿಂತು ಮೊಬೈಲಿನಲ್ಲಿ ಹಣ ಕಳಿಸುವುದು ಆಗುವ ಕೆಲಸವಲ್ಲ. ಪೆಟ್ರೋಲು ಕಳಸದಲ್ಲೇ ತುಂಬಿಸಿ. ಬರುವ ಸುದ್ದಿಯನ್ನು ಎರಡು ದಿನ ಮೊದಲೇ ತಿಳಿಸಿ. ಅಂಗಡಿ ದೂರ, ತರಕಾರಿ ತೋಟದ್ದೇ. ಅಕ್ಟೋಬರ್, ನವೆಂಬರಿನಲ್ಲಿ ಹೋದರೆ ಸುಲಿಯುವವರು ಕಡಿಮೆ ಇರುತ್ತಾರೆ, ಮೆಟ್ಟುಗತ್ತಿ ಕೇಳಿದರೆ ಕೊಡುತ್ತಾರೆ.